ಲೋಟಕ್ಕೆ ಬಿದ್ದ ಸೊಪ್ಪು

ನಾನು ಮಾಡಿದ ಮೊದಲನೇ ಹಸಿರು ಸ್ಮೂದಿ ಹಸಿರಾಗಿರಲಿಲ್ಲ. ಒಂದು ಕಟ್ಟು ಪಾಲಕ್, ಅರ್ಧ ದಾಳಿಂಬೆ, ಒಂದು ಬಾಳೆಹಣ್ಣು, ಎರಡು ಖರ್ಜೂರ. ಮಿಕ್ಸಿ ಮುಚ್ಚಳ ತೆಗೆದರೆ ಒಳಗೆ ಮಳೆಗಾಲದಲ್ಲಿ ಕೆರೆ ಏರಿಯ ಕೆಳಗೆ ನಿಲ್ಲುತ್ತದಲ್ಲ, ಆ ನೀರಿನ ಬಣ್ಣ. ಕೆಂಪಿಗೆ ಹಸಿರು ಸೇರಿದರೆ ಕಂದಾಗುತ್ತದೆ ಅನ್ನುವುದನ್ನು ಮಗಳ ಡ್ರಾಯಿಂಗ್ ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದೆ. ಅಡುಗೆಮನೆಯಲ್ಲಿ ಅದು ನೆನಪಾಗಲಿಲ್ಲ, ಅಷ್ಟೆ. ಹಾಲು ಕಾಯಿಸಿಕೊಳ್ಳಲು ಬಂದ ಅತ್ತೆ ಲೋಟದೊಳಗೆ ಬಗ್ಗಿ ನೋಡಿದರು.

"ಇದೇನ್ಮಗ, ಕಟ್ಟೆ ನೀರ ಲೋಟುಕ್ ಬಗ್ಗುಸ್ಕಂಡಿದ್ದೀಯೆ?"

"ಸೊಪ್ಪಿನ ಜ್ಯೂಸು ಅತ್ತೆ. ಒಳ್ಳೇದಂತೆ."

"ಬೇಯ್ಸಿಲ್ವಾ?"

"ಇಲ್ಲ, ಹಸೀದೇ."

ಅತ್ತೆ ಹಾಲಿನ ಪಾತ್ರೆ ಒಲೆ ಮೇಲಿಟ್ಟು, ಗ್ಯಾಸ್ ಹಚ್ಚಿ, ಉರಿ ಸಣ್ಣ ಮಾಡಿದರು. ಆಮೇಲೆ ಗೋಡೆಗೆ ಹೇಳುವವರ ಹಾಗೆ ಅಂದರು: "ಹಸೀ ಸೊಪ್ಪ ದನ ತಿಂತವೆ. ಅವೂ ಮೂಸಿ ನೋಡಿ, ಬ್ಯಾಡದ್ನ ಬುಟ್ಟು ತಿಂತವೆ."

ಅವತ್ತು ನನಗೆ ಸಿಟ್ಟೇ ಬಂತು. ಮಂಡ್ಯ ಕಡೆಯ ಹಳ್ಳಿಯಲ್ಲಿ ಐವತ್ತು ವರ್ಷ ಬಸ್ಸಾರು, ಮಸ್ಸೊಪ್ಪು, ಉಪ್ಸಾರು ಮಾಡಿಕೊಂಡು ಬಂದವರಿಗೆ ಹೊಸದೇನು ಹಿಡಿಸೀತು ಅಂದುಕೊಂಡೆ. ಆ ಮಾತಿನ ಎರಡನೇ ಅರ್ಧ ನನ್ನ ಕಿವಿಗೆ ಬಿದ್ದದ್ದು ಸುಮಾರು ಎರಡು ವರ್ಷದ ನಂತರ.

ಶುರುವಾದದ್ದು 2021ರಲ್ಲಿ. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ, 6.1 ಬಂತು. ಸಕ್ಕರೆ ಕಾಯಿಲೆ ಇನ್ನೂ ಅಲ್ಲ, ಹೊಸ್ತಿಲಲ್ಲಿ ನಿಂತಿದೆ ಅಂದರು ಡಾಕ್ಟರು. ಹಣ್ಣು ತಿನ್ನಿ, ಕುಡಿಯಬೇಡಿ ಅಂತಲೂ ಅಂದರು. ನಾನು ಮಾತ್ರ ಮನೆಗೆ ಬಂದು ಕುಡಿಯುವುದನ್ನೇ ಹುಡುಕಿದೆ. ಆ ಹೊತ್ತಿಗೆ ಲಾಕ್‌ಡೌನಿನ ದಯದಿಂದ ಹಿತ್ತಲು ತುಂಬಿಕೊಂಡಿತ್ತು. ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿ, ನಲ್ಲಿಯ ಕೆಳಗಿನ ತೇವದಲ್ಲಿ ಒಂದೆಲಗ, ಕಾಂಪೌಂಡಿಗೆ ಹಬ್ಬಿದ ಬಸಳೆ, ಮೂಲೆಯಲ್ಲಿ ಆಳೆತ್ತರ ಬೆಳೆದ ಚಕ್ರಮುನಿ. ಮನೆಯವರು ಸೊಪ್ಪು ಕಂಡರೆ ತಟ್ಟೆಯಂಚಿಗೆ ತಳ್ಳುವ ಜಾತಿ. ಇಷ್ಟು ಸೊಪ್ಪು ಯಾರು ತಿನ್ನಬೇಕು? ಅರೆದು ಕುಡಿದುಬಿಡೋಣ ಅನ್ನಿಸಿತು.

ಈ ಕುಡಿಯುವ ಸೊಪ್ಪಿನ ಹುಚ್ಚು ಈಗಿನ ರೂಪದಲ್ಲಿ ಹಬ್ಬಿದ್ದು ಅಮೆರಿಕದಿಂದ, 2000ದ ದಶಕದಲ್ಲಿ. ರಷ್ಯಾದಿಂದ ಹೋಗಿ ಅಲ್ಲಿ ನೆಲೆಸಿದ ವಿಕ್ಟೋರಿಯಾ ಬೌಟೆಂಕೋ ಎಂಬ ಹಸಿ ಆಹಾರದ ಪ್ರಚಾರಕಿ ಅದಕ್ಕೆ ದೊಡ್ಡ ಕಾರಣ. ಚಿಂಪಾಂಜಿಗಳು ಹಣ್ಣಿನ ಜೊತೆ ರಾಶಿ ಎಲೆ ತಿನ್ನುತ್ತವೆ, ನಮ್ಮ ದವಡೆಗೆ ಅಷ್ಟು ಅಗಿಯಲಾಗುವುದಿಲ್ಲ, ಹಾಗಾದರೆ ಯಂತ್ರ ಅಗಿಯಲಿ ಎಂಬುದು ಆಕೆಯ ವಾದ. ಕೇಳಲು ಚೆನ್ನಾಗಿದೆ. ಆದರೆ ಚಿಂಪಾಂಜಿ ಎಲೆ ತಿನ್ನುತ್ತ ದಿನದಲ್ಲಿ ಎಷ್ಟೋ ಗಂಟೆ ಕಳೆಯುತ್ತದೆ, ನಾನು ಮೂವತ್ತು ಸೆಕೆಂಡಿನಲ್ಲಿ ಮುಗಿಸುತ್ತಿದ್ದೆ. ಯಂತ್ರ ಅಗಿದುಕೊಟ್ಟರೆ ಸಾಕು ಅನ್ನುವುದು ಹೊಳೆದವರಿಗೆ ಇದು ಹೊಳೆಯಲಿಲ್ಲವೇ ಅಂತ ಈಗ ಅನ್ನಿಸುತ್ತದೆ.

ಮಾಡುವ ಬಗೆಯಲ್ಲಿ ನಾನು ತುಂಬ ದಿನ ಎಡವಿದೆ. ಅಲ್ಲಿನವರ ಬ್ಲೆಂಡರಿನ ಜಾರು ಎತ್ತರ. ನೀರು, ಹಣ್ಣು, ಎಲೆ ಎಲ್ಲ ಒಟ್ಟಿಗೆ ಸುರಿದರೂ ಸುಳಿಯೆದ್ದು ಕೆಳಗೆಳೆದುಕೊಳ್ಳುತ್ತದೆ. ನಮ್ಮ ಮಿಕ್ಸಿ ಹುಟ್ಟಿದ್ದೇ ಬೇರೆ ಕೆಲಸಕ್ಕೆ. 1963ರಲ್ಲಿ ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಸುಮೀತ್ ಮಿಕ್ಸಿ ತಂದದ್ದು ತೆಂಗಿನಕಾಯಿ, ಬೇಳೆ, ಒಣಮೆಣಸಿನಕಾಯಿಯನ್ನು ಮೋಟಾರು ಸುಡದ ಹಾಗೆ ಅರೆಯಲಿಕ್ಕೆ. ಆ ಜಾರಿಗೆ ಒಂದು ಲೋಟ ನೀರಿನ ಜೊತೆ ಎಲೆ ಹಾಕಿದರೆ ಎಲೆ ನೀರಲ್ಲಿ ಮೆರವಣಿಗೆ ಹೋಗುತ್ತದೆಯೇ ಹೊರತು ನುರಿಯುವುದಿಲ್ಲ. ನನ್ನ ಮೊದಲ ತಿಂಗಳ ಸ್ಮೂದಿಗಳಲ್ಲಿ ಪ್ರತಿ ಗುಟುಕಿಗೂ ಒಂದು ಚೂರು ಪುದೀನ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ದಾರಿ ತೋರಿಸಿದ್ದು ಚಟ್ನಿ. ಈಗ ಚಿಕ್ಕ ಜಾರಿಗೆ ಮೊದಲು ಎಲೆ, ಉಗುರಿನಷ್ಟು ಶುಂಠಿ, ನೆನೆಸಿದ ನಾಲ್ಕು ಗೋಡಂಬಿ ಇಲ್ಲವೇ ಒಂದು ಚಮಚ ಹಸಿ ತೆಂಗಿನತುರಿ, ಮೂರೇ ಚಮಚ ನೀರು. ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಟ್ಟು, ತಿರುಗಿಸಿ ಬಿಟ್ಟು, ನಾಲ್ಕೈದು ಸಲ. ಮುಚ್ಚಳ ತೆಗೆದು ಗೋಡೆಗೆ ಹಾರಿದ್ದನ್ನು ಕೆಳಗೆ ಎಳೆಯುವುದು, ಮತ್ತೊಂದು ಸುತ್ತು. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದರೆ ದೋಸೆಹಿಟ್ಟಿನ ಹಾಗೆ ಜಾರಬೇಕು. ಆಮೇಲೆ ಹಣ್ಣು. ಕೊನೆಗೆ ಮಡಕೆಯ ತಣ್ಣೀರು. ಸುಮ್ಮನೆ ಓಡಿಸುತ್ತ ಕೂತರೆ ಜಾರಿನ ತಳ ಬಿಸಿಯಾಗಿ, ಹಸಿ ಎಲೆಯ ವಾಸನೆ ಹೋಗಿ ಒಣಹುಲ್ಲಿನ ವಾಸನೆ ಬರುತ್ತದೆ. ಆ ವಾಸನೆ ಬಂದರೆ ಅವತ್ತಿನದು ಕೆಟ್ಟಿತು ಅಂತಲೇ ಲೆಕ್ಕ. ನಿಂಬೆಹಣ್ಣು ಹಿಂಡುವುದಿದ್ದರೆ ಕುಡಿಯುವ ಹೊತ್ತಿಗೆ. ಎಲೆಯ ಹಸಿರಿನ ನಡುವೆ ಒಂದು ಮೆಗ್ನೀಸಿಯಮ್ ಕೂತಿರುತ್ತದೆ. ಹುಳಿ ತಗುಲಿದರೆ ಅದು ಜಾಗ ಬಿಡುತ್ತದೆ, ಹಸಿರು ಮಂಕಾಗಿ ಬೇಯಿಸಿದ ಹುರುಳಿಕಾಯಿ ಬಣ್ಣಕ್ಕೆ ಇಳಿಯುತ್ತದೆ.

ಯಾವ ಹಣ್ಣಿಗೆ ಯಾವ ಎಲೆ ಅನ್ನುವುದಕ್ಕೆ ನನ್ನಲ್ಲಿ ಶಾಸ್ತ್ರವೇನಿಲ್ಲ, ನಾಲಿಗೆ ಹೇಳಿದ್ದು. ಅನಾನಸಿಗೆ ದೊಡ್ಡಪತ್ರೆ. ಎರಡೇ ಎಲೆ, ಮೂರನೆಯದು ಬಿದ್ದರೆ ಕೆಮ್ಮಿನ ಔಷಧಿ. ಆ ಎಲೆ ದಪ್ಪ, ಮೈಮೇಲೆ ನವಿರು ಕೂದಲು, ಮುರಿದರೆ ಓಮದ ವಾಸನೆ. ಅನಾನಸಿನ ಚುರುಕು ಹುಳಿಯ ಹಿಂದೆ ಅದು ಮೆಲ್ಲಗೆ ಬಂದು ಗಂಟಲಲ್ಲಿ ನಿಲ್ಲುತ್ತದೆ. ಇದಕ್ಕೆ ಮೊಸರು ಮಾತ್ರ ಹಾಕಬಾರದು. ಹಸಿ ಅನಾನಸಿನಲ್ಲಿ ಪ್ರೋಟೀನ್ ಒಡೆಯುವ ಕಿಣ್ವವಿದೆ, ಹತ್ತು ಹದಿನೈದು ನಿಮಿಷ ಇಟ್ಟರೆ ಮೊಸರು ಕಹಿಯಾಗುತ್ತದೆ. ಪರಂಗಿಹಣ್ಣಿನ ಕಥೆಯೂ ಅದೇ. ಎಳನೀರು ಹೊಂದುತ್ತದೆ, ಅದರ ಗಂಜಿಯೂ ಸಿಕ್ಕರೆ ಗೋಡಂಬಿ ಬೇಡ.

ಸೀಬೆಹಣ್ಣಿಗೆ ಹತ್ತು ಹನ್ನೆರಡು ಒಂದೆಲಗ, ಚಿಟಿಕೆ ಉಪ್ಪು, ಒಂದು ಕಾಳುಮೆಣಸು. ಬೀಜ ಮಿಕ್ಸಿಗೆ ಬಗ್ಗುವುದಿಲ್ಲ, ಸೋಸಲೇಬೇಕು. ಬಟರ್‌ಫ್ರೂಟಿಗೆ ಪುದೀನ ಒಗ್ಗುತ್ತದೆ. ಸೌತೆಕಾಯಿ, ಸಬ್ಬಸಿಗೆ, ಮಜ್ಜಿಗೆ ಸೇರಿಸಿದರೆ ಅದನ್ನು ಸ್ಮೂದಿ ಅಂತ ಕರೆಯಲು ನನಗೇ ನಾಚಿಕೆ, ಆದರೆ ಏಪ್ರಿಲ್ ಮಧ್ಯಾಹ್ನಕ್ಕೆ ಅದನ್ನು ಮೀರಿದ್ದಿಲ್ಲ. ನನ್ನ ಮೆಚ್ಚಿನದು ಮಾತ್ರ ನಂಜನಗೂಡು ರಸಬಾಳೆಗೆ ಅರ್ಧ ಎಳೆಯ ಮೈಸೂರು ವೀಳ್ಯದೆಲೆ. ಎರಡಕ್ಕೂ ಭೌಗೋಳಿಕ ಗುರುತಿನ ಪಟ್ಟವಿದೆ, ಎರಡೂ ಮನೆಯಿಂದ ಮೂವತ್ತು ಕಿಲೋಮೀಟರಿನೊಳಗಿನವು. ರಸಬಾಳೆ ಮಾತ್ರ ಸಿಕ್ಕಾಗಲೇ ಹಬ್ಬ. ಪನಾಮಾ ಸೊರಗು ರೋಗ ಬಂದು ತೋಟಗಳು ಹಾಳಾದ ಮೇಲೆ ದೇವರಾಜ ಮಾರುಕಟ್ಟೆಯಲ್ಲಿ "ರಸಬಾಳೆ" ಅಂದದ್ದನ್ನೆಲ್ಲ ನಾನು ನಂಬುವುದಿಲ್ಲ. ಸಿಪ್ಪೆ ಸುಲಿದು ಮೂಗಿಗೆ ಹಿಡಿದರೆ ಗೊತ್ತಾಗುತ್ತದೆ.

ಇಷ್ಟೆಲ್ಲ ಓದಿದರೆ ನಾನು ಮೊದಲಿಂದಲೂ ಹೀಗೆ ಅಳೆದು ಸುರಿಯುತ್ತಿದ್ದೆ ಅನ್ನಿಸಬಹುದು. ಇಲ್ಲ. ಮೊದಲ ಎರಡು ವರ್ಷ ಎಲ್ಲಕ್ಕೂ ಒಂದೇ ಮಂತ್ರ: ಬಾಳೆಹಣ್ಣು ಹಾಕು. ಮಾಗಿದ ಎರಡು ಬಾಳೆಹಣ್ಣು ಬಿದ್ದರೆ ಯಾವ ಎಲೆಯೂ ಬಾಯಿಗೆ ಸಿಗುವುದಿಲ್ಲ. ಮೆಂತ್ಯದ ಕಹಿ, ದಂಟಿನ ಮಣ್ಣುವಾಸನೆ, ನುಗ್ಗೆಸೊಪ್ಪಿನ ಘಾಟು ಎಲ್ಲ ಮಾಯ. ನಾನು ಅದನ್ನು ಜಾಣತನ ಅಂದುಕೊಂಡೆ. ಹಿಡಿಯಿಂದ ಶುರುವಾದದ್ದು ಅರ್ಧ ಕಟ್ಟಾಯಿತು, ಅರ್ಧ ಕಟ್ಟು ಕಟ್ಟಾಯಿತು. ಪಲ್ಯ ಮಾಡಿದ್ದರೆ ಮೂರು ಜನ ಉಣ್ಣುವ ಸೊಪ್ಪನ್ನು ಒಬ್ಬಳೇ ನಿಂತು ಕುಡಿಯುತ್ತಿದ್ದೆ. ಅಂದಹಾಗೆ, ಬಾಳೆಹಣ್ಣು ಮುಚ್ಚಿಹಾಕುವುದು ರುಚಿಯನ್ನು ಮಾತ್ರವಲ್ಲವಂತೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ಮತ್ತು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನದಲ್ಲಿ, ಸ್ಮೂದಿಗೆ ಬಾಳೆಹಣ್ಣು ಸೇರಿಸಿದಾಗ ಫ್ಲೇವನಾಲ್ ಎಂಬ ಒಳ್ಳೆಯ ಅಂಶ ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾಯಿತು. ಬಾಳೆಹಣ್ಣನ್ನು ಕಪ್ಪಾಗಿಸುವ ಕಿಣ್ವದ್ದೇ ಆ ಕೆಲಸ. ಅದು ಬೆರ್ರಿ, ಕೋಕೋದಂಥವಕ್ಕೆ ಸಂಬಂಧಿಸಿದ ಮಾತು. ನನ್ನ ರಸಬಾಳೆ ಬಿಡುವಷ್ಟು ಹೆದರಿಕೆ ನನಗಾಗಲಿಲ್ಲ.

ಹೆದರಿಕೆಯಾದದ್ದು ಚಕ್ರಮುನಿಯಿಂದ.

ನಮ್ಮ ಕಡೆ ಚಕ್ರಮುನಿ ಇಲ್ಲದ ಹಿತ್ತಲಿಲ್ಲ. ಕಡ್ಡಿ ಚುಚ್ಚಿದರೆ ಬರುತ್ತದೆ, ನೀರು ಮರೆತರೂ ಬದುಕುತ್ತದೆ, ವರ್ಷವಿಡೀ ಚಿಗುರು. ವಿಟಮಿನ್ ಸೊಪ್ಪು, ಮಲ್ಟಿವಿಟಮಿನ್ ಗಿಡ ಅಂತ ನರ್ಸರಿಯವರೂ ಮಾರುತ್ತಾರೆ. ಎಲೆ ಹಸಿಯಾಗಿ ಅಗಿದರೂ ಕಹಿಯಿಲ್ಲ, ಎಳೆ ಬಟಾಣಿಯ ಹಾಗೆ ಸಪ್ಪೆ ಸಿಹಿ. ಸ್ಮೂದಿಗೆ ಹೇಳಿ ಮಾಡಿಸಿದ್ದು ಅಂತ 2023ರ ಮಳೆಗಾಲದಲ್ಲಿ ಮೂರು ವಾರ ಪ್ರತಿ ಬೆಳಿಗ್ಗೆ ಎರಡು ಹಿಡಿ ಚಕ್ರಮುನಿಯನ್ನು ಸೀಬೆಹಣ್ಣಿನ ಜೊತೆ ಅರೆದು ಕುಡಿದೆ. ವಾಕಿಂಗಿನಲ್ಲಿ ಸಿಗುವ ನಿವೃತ್ತ ಸಸ್ಯಶಾಸ್ತ್ರ ಮೇಷ್ಟರೊಬ್ಬರಿಗೆ ಹೆಮ್ಮೆಯಿಂದ ಹೇಳಿದೆ. ಅವರು ನಿಂತುಬಿಟ್ಟರು.

"ಬೇಯಿಸಿ ಕುಡೀತೀರಾ?"

"ಇಲ್ಲ ಸಾರ್, ಹಸೀದು."

"ಇವತ್ತಿಂದ ನಿಲ್ಲಿಸಿಬಿಡಿ. ಮನೆಗೆ ಹೋಗಿ ಸೌರೋಪಸ್ ಆಂಡ್ರೋಗೈನಸ್, ತೈವಾನ್ ಅಂತ ಹುಡುಕಿ ಓದಿ."

ಓದಿದೆ. 1994-95ರಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಇದೇ ಸೊಪ್ಪಿನ ಹಸಿ ರಸ ಕುಡಿಯುವ ಅಲೆ ಎದ್ದಿತ್ತು. ಎಲೆಯನ್ನು ಸೀಬೆ, ಅನಾನಸಿನಂಥ ಹಣ್ಣಿನ ಜೊತೆ ಅರೆದು, ವಾರಗಟ್ಟಲೆ. ಕೆಲವರಿಗೆ ಕೆಮ್ಮು ಬಂತು, ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಕೂತಲ್ಲೇ ಏದುಸಿರು. ಶ್ವಾಸಕೋಶದೊಳಗಿನ ಕೂದಲೆಳೆಯಂಥ ಗಾಳಿನಾಳಗಳು ಗಾಯವಾಗಿ ಮುಚ್ಚಿಕೊಂಡುಬಿಡುವ ರೋಗ ಅದು, ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ರೋಗಿಗಳ ಸಂಖ್ಯೆ 200 ದಾಟಿತು. ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು, ಕೆಲವರು ಸತ್ತರು. ಇಂಡೋನೇಷ್ಯಾ, ಮಲೇಷ್ಯಾದಲ್ಲಿ ಅದೇ ಸೊಪ್ಪನ್ನು ಜನ ತಲೆಮಾರುಗಳಿಂದ ತಿನ್ನುತ್ತಾರೆ. ಬೇಯಿಸಿ, ಊಟದ ಜೊತೆ, ಒಂದು ಸೌಟು.

ಸೀಬೆಹಣ್ಣು ಅನ್ನುವ ಪದದ ಹತ್ತಿರ ಬಂದಾಗ ನನ್ನ ಕೈ ತಣ್ಣಗಾಯಿತು. ಆ ರಾತ್ರಿ ಮಹಡಿ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದೆ, ಉಸಿರು ಎಣಿಸುತ್ತ. ಮನೆಯವರು ಕೇಳಿದ್ದಕ್ಕೆ ವ್ಯಾಯಾಮ ಅಂದೆ. ನನಗೇನೂ ಆಗಿರಲಿಲ್ಲ. ಆಮೇಲೆ ಡಾಕ್ಟರಿಗೆ ತೋರಿಸಿದಾಗ ಅವರೂ ಏನಿಲ್ಲ ಅಂದರು.

ಅತ್ತೆಗೆ ಎಲ್ಲ ಹೇಳಿದೆ. "ಆ ಸೊಪ್ಪ ನಾವು ಪಲ್ಯ ಮಾಡ್ತಿದ್ದೊ, ಬ್ಯಾಳೆ ಜತೆ. ಹಸೀದು ಕುಡ್ದೋರ ನಾ ಕಾಣೆ" ಅಂದರು. ಹಿಂದಿನವರಿಗೆ ಎಲ್ಲ ಗೊತ್ತಿತ್ತು ಅನ್ನುವ ಮಾತನ್ನು ಇಲ್ಲಿ ಬರೆಯಲು ಕೈ ತುರಿಸುತ್ತದೆ, ಆದರೆ ಅದು ನನಗೆ ಒಗ್ಗುವುದಿಲ್ಲ. ಪಾಲಕ್ ವಿಷಯವನ್ನೇ ನೋಡಿ. ಅದರಲ್ಲಿ ಆಕ್ಸಲೇಟ್ ಬಹಳ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವವರಿಗೆ ಆಗದು. ಕುದಿಸಿ ನೀರು ಬಸಿದು ಚೆಲ್ಲಿದರೆ ಸಾಕಷ್ಟು ಇಳಿಯುತ್ತದೆ. ನಮ್ಮವರು ಬಸಿಯುತ್ತಿದ್ದರು, ನಿಜ. ಬಸಿದ ನೀರಿಗೆ ಖಾರ ಅರೆದು ಹಾಕಿ ಬಸ್ಸಾರು ಮಾಡಿ ಮುದ್ದೆ ಜೊತೆ ಅದನ್ನೂ ಉಂಡರು! ರುಚಿಗಾಗಿ ಬಸಿದದ್ದು, ಮೂತ್ರಪಿಂಡಕ್ಕಾಗಿ ಅಲ್ಲ. ಅವರನ್ನು ಕಾಯ್ದದ್ದು ಬೇರೆ: ಒಂದೇ ಸೊಪ್ಪನ್ನು ದಿನಾ ಯಾರೂ ತಿನ್ನುತ್ತಿರಲಿಲ್ಲ. ಹೊಲದ ಬದುವಿನಲ್ಲಿ ಕೀರೆ, ಅಣ್ಣೆ, ಕನ್ನೆ, ಹೊನಗೊನೆ, ಗಣಿಕೆ ಕೈಗೆ ಸಿಕ್ಕಷ್ಟು ಕಿತ್ತು ಬೆರಕೆ ಸೊಪ್ಪು ಮಾಡಿದರೆ ಯಾವುದೂ ಒಂದು ಹಿಡಿ ಮೀರುವುದಿಲ್ಲ. ಮತ್ತೆ, ಬಾಯಿಗೆ ಬಂದದ್ದು ಬಾಯಿಗೆ ತಿಳಿಯುತ್ತಿತ್ತು.

ಅತ್ತೆ ಸೋರೆಕಾಯಿ ಹೆಚ್ಚುವುದನ್ನು ನಾನು ಮೂವತ್ತು ವರ್ಷದಿಂದ ನೋಡಿದ್ದೇನೆ. ತೊಟ್ಟಿನ ಕಡೆ ಒಂದು ಬಿಲ್ಲೆ ಕೊಯ್ದು, ಅದರಿಂದ ಅಕ್ಕಿಕಾಳಿನಷ್ಟು ಚಿವುಟಿ ನಾಲಿಗೆ ತುದಿಗೆ ಮುಟ್ಟಿಸಿ, ಥೂ ಅಂತ ಸಿಂಕಿಗೆ ಉಗಿದು, ಆಮೇಲೆ ಸಿಪ್ಪೆ ಹೆರೆಯುವುದು. ಮಾತಾಡುತ್ತಲೇ ಮಾಡುತ್ತಾರೆ. ಮಾಡಿದ್ದೇ ಅವರಿಗೆ ಗೊತ್ತಿರುವುದಿಲ್ಲ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಸೋರೆಕಾಯಿ ಮತ್ತು ಹಾಗಲಕಾಯಿಯ ರಸ ಬೆರೆಸಿ ಕುಡಿದು ತೀರಿಕೊಂಡರು. ಆರೋಗ್ಯಕ್ಕೆ ಅಂತ ದಿನಾ ಕುಡಿಯುತ್ತಿದ್ದದ್ದೇ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಹೇಳಿದ್ದರ ಸಾರವೂ ಇಷ್ಟೇ: ಮೊದಲು ಒಂದು ಚೂರು ರುಚಿ ನೋಡಿ, ಕಹಿಯಿದ್ದರೆ ಬಿಸಾಡಿ, ಬೇರೆ ರಸದ ಜೊತೆ ಬೆರೆಸಬೇಡಿ. ಹಾಗಲಕಾಯಿ ಬೆರೆತ ಮೇಲೆ ಯಾವ ಕಹಿ ಯಾರದ್ದು ಅಂತ ನಾಲಿಗೆ ಹೇಗೆ ಹೇಳೀತು? ನನ್ನ ಎರಡು ಬಾಳೆಹಣ್ಣು ಮಾಡಿದ ಕೆಲಸವೂ ಅದೇ. ಚಕ್ರಮುನಿ ಅಂತೂ ಕಹಿಯನ್ನೇ ಇಟ್ಟುಕೊಂಡಿಲ್ಲ, ಅದಕ್ಕೆ ನಾಲಿಗೆಯೂ ಸಾಲದು, ಮೇಷ್ಟರೇ ಬೇಕು.

ಸ್ಮೂದಿ ಬಿಟ್ಟೆನೇ? ಬಿಡಲಿಲ್ಲ. ಮಾಡುವ ರೀತಿ ಬದಲಾಯಿತು. ಈಗ ಜಾರಿಗೆ ಹಾಕುವ ಮುಂಚೆ ಪ್ರತಿ ಎಲೆಯ ಒಂದು ಚೂರನ್ನು ಅಗಿಯುತ್ತೇನೆ. ಎಲೆಯ ರುಚಿ ಲೋಟದಲ್ಲಿ ಗೊತ್ತಾಗಬೇಕು, ಅಷ್ಟೇ ಹಣ್ಣು. ಎಲೆ ಒಂದು ಹಿಡಿ, ಹಣ್ಣು ಒಂದೇ, ವಾರಕ್ಕೆ ಮೂರು ದಿನ, ಒಂದು ದಿನದ ಎಲೆ ಇನ್ನೊಂದು ದಿನ ಇಲ್ಲ. ಪಾಲಕ್ ಹಾಕುವುದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿ, ಮೊಸರಿನ ಜೊತೆ. ಮೊಸರಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಕಟ್ಟಿಹಾಕುತ್ತದೆ. ಹೊರಗಿನ ಸೊಪ್ಪು ಹಸಿಯಾಗಿ ಬಳಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದೇನೆ. ಪಟ್ಟಣದ ಅಂಚಿನಲ್ಲಿ ಯಾವ ಮೋರಿ ನೀರಿಗೆ ಬೆಳೆದದ್ದೋ. ಉಪ್ಪುನೀರಲ್ಲಿ ಮೂರು ಸಲ ತೊಳೆದರೆ ಮಣ್ಣು, ಹುಳ ಹೋಗಬಹುದು, ಎಲೆಯೊಳಗೆ ಸೇರಿದ್ದು ಹೋಗುವುದಿಲ್ಲ. ಡಾಕ್ಟರ ಮಾತನ್ನೂ ಅರ್ಧ ಪಾಲಿಸಿದ್ದೇನೆ: ಉಳಿದ ನಾಲ್ಕು ದಿನ ಹಣ್ಣನ್ನು ಹೆಚ್ಚಿಕೊಂಡು ಕೂತು ತಿನ್ನುತ್ತೇನೆ.

ನಮ್ಮ ಭಾವ ಹೃದಯದ ಕವಾಟದ ಆಪರೇಷನ್ ಆದವರು, ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ನುಂಗುತ್ತಾರೆ. ಊರಿಂದ ಬಂದಾಗ "ನಂಗೂ ಒಂದ್ ಲೋಟ ಮಾಡವ್ವ" ಅಂದರು. ಮಾಡಿಕೊಡಲಿಲ್ಲ. ಸೊಪ್ಪಿನಲ್ಲಿ ತುಂಬಿರುವ ವಿಟಮಿನ್ ಕೆ ಆ ಮಾತ್ರೆಗೆ ಎದುರಾಳಿ, ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಅವರಿಗೆ ಬೇಜಾರಾಯಿತು. ಕಾಫಿ ಕೊಟ್ಟೆ.

ಅತ್ತೆ ಇವತ್ತಿಗೂ ಒಂದು ಗುಟುಕು ಕುಡಿದಿಲ್ಲ. ಆದರೆ ಹೋದ ತಿಂಗಳು ಅನಾನಸು-ದೊಡ್ಡಪತ್ರೆಯದು ಅರ್ಧ ಲೋಟ ಉಳಿದಿತ್ತು, ನಾನು ಬ್ಯಾಂಕಿಗೆ ಹೋಗಿದ್ದೆ. ಬರುವಷ್ಟರಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಬಿದ್ದು, ಬೆಲ್ಲ ಕರಗಿ, ಬಾಣಲೆಯಲ್ಲಿ ಗೊಜ್ಜಾಗಿ ಕುದಿಯುತ್ತಿತ್ತು. ಸೊಪ್ಪು ತಟ್ಟೆಯಂಚಿಗೆ ತಳ್ಳುವವರು ಎರಡು ಸಲ ಹಾಕಿಸಿಕೊಂಡರು.

ಚಕ್ರಮುನಿ ಗಿಡ ಹಾಗೇ ಇದೆ. ಹದಿನೈದು ದಿನಕ್ಕೊಮ್ಮೆ ತೊಗರಿಬೇಳೆ ಜೊತೆ ಬೇಯುತ್ತದೆ. ಮೊನ್ನೆ ಎದುರು ಮನೆಗೆ ಹೊಸದಾಗಿ ಬಂದ ಹುಡುಗಿ ಕಾಂಪೌಂಡಿನಾಚೆ ನಿಂತು, "ಆಂಟಿ, ಅದು ಮಲ್ಟಿವಿಟಮಿನ್ ಗಿಡ ಅಲ್ವಾ? ಒಂದು ಕಡ್ಡಿ ಕೊಡ್ತೀರಾ, ಬೆಳಿಗ್ಗೆ ಸ್ಮೂದಿ ಮಾಡ್ತೀನಿ" ಅಂದಳು. ತೈವಾನಿನ ಕಥೆ ಹೇಳಲು ಶುರುಮಾಡಿದೆ, ಅವಳ ಆಫೀಸಿನ ಕ್ಯಾಬ್ ಹಾರ್ನ್ ಹೊಡೆಯಿತು. ದೊಡ್ಡಪತ್ರೆಯ ಎರಡು ಕಡ್ಡಿ ಮುರಿದು ಕೈಗಿಟ್ಟೆ. ಎರಡೇ ಎಲೆ ಹಾಕಮ್ಮ ಅಂತ ಕೂಗಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ.